ಕೊಳಕು ಹತ್ತಿಯ ಜಾಡಿ

ಆ ಮನೆಯ ಅಡುಗೆಗೆ ಉಪ್ಪು ಖಾರ ಎಷ್ಟಿರಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಮಾವನ ಉಗುಳು. ಈರುಳ್ಳಿ ಕೂಡದು, ಬೆಳ್ಳುಳ್ಳಿಯ ಹೆಸರೆತ್ತಬಾರದು, ಮೆಣಸು ಹೊಸ್ತಿಲು ದಾಟುವಂತಿಲ್ಲ, ಬೆಳಿಗ್ಗೆ ಎಂಟರ ಮೇಲೆ ಚಹಾ ಇಲ್ಲ. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಜೊತೆಗೆ ಬಣ್ಣವೂ ಇಲ್ಲದ ರುಚಿಯೂ ಇಲ್ಲದ ಒಂದು ಸೂಪು. ಹದಿನಾಲ್ಕು ವರ್ಷದಿಂದ ಸೊಸೆ ಇದನ್ನೇ ಬೇಯಿಸಿ ಇದನ್ನೇ ತಿಂದಿದ್ದಳು. ಮಾವ ಹಳೆಯ ಎಣ್ಣೆಬಣ್ಣದ ಚಿತ್ರಗಳನ್ನು ತೊಳೆಯುವ ಕಸುಬಿನವರು, ಮತ್ತು ಅವರು ತೊಳೆಯುತ್ತಿದ್ದದ್ದು ಬಾಯಿನೀರಿನಿಂದ.

ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಾಯೊಳಗಿಟ್ಟು ಒಮ್ಮೆ ತಿರುಗಿಸಿ, ಚಿತ್ರದ ಮೇಲೆ ಮೆಲ್ಲಗೆ ಉರುಳಿಸುವುದು. ಹತ್ತಿ ಕಂದಾದ ಕೂಡಲೇ ಪಕ್ಕದ ಪಿಂಗಾಣಿ ಜಾಡಿಗೆ ಹಾಕಿ, ಹೊಸ ಹತ್ತಿ ಸುತ್ತಿ, ಮತ್ತೆ ಬಾಯಿಗೆ. ಹೀಗೆ ದಿನಕ್ಕೆ ಒಂದು ಊಟದ ತಟ್ಟೆಯಷ್ಟು ಅಗಲ.

"ನೀರಿಗೆ ಈ ಮಸಿ ಬಗ್ಗಲ್ಲ. ಸೋಪು ಬಣ್ಣಾನೇ ತಿಂದುಬಿಡುತ್ತೆ. ಎಲ್ಲಿ ನಿಲ್ಲಬೇಕು ಅನ್ನೋದು ಬಾಯಿನೀರಿಗೆ ಮಾತ್ರ ಗೊತ್ತು" ಎಂದು ಮಾವ ಹೇಳುವಾಗ ಅವರ ಮುಖದಲ್ಲಿ ದೊಡ್ಡ ಡಾಕ್ಟರ ಗತ್ತಿರುತ್ತಿತ್ತು. ಸೊಸೆ ಮೂಗು ಮುರಿದು ಎದ್ದುಹೋಗುತ್ತಿದ್ದಳು.

ಹಾಗೆಂದು ಅವಳೇನು ನಾಜೂಕಿನ ಹೆಣ್ಣಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ರಕ್ತ, ಕೀವು, ವಾಂತಿ, ಇನ್ನೂ ಹೇಳಬಾರದ್ದು ಮೆತ್ತಿದ ಹಾಸಿಗೆ ಬಟ್ಟೆಗಳನ್ನು ಬೆಳಗಿನಿಂದ ಯಂತ್ರಕ್ಕೆ ತುಂಬಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ನೆಮ್ಮದಿಯಾಗಿ ಉಣ್ಣುತ್ತಿದ್ದಳು. ಅಲ್ಲಿ ಮೊಣಕೈವರೆಗೆ ಗವಸು, ಗಂಟೆ ಹೊಡೆದರೆ ಬಿಡುಗಡೆ. ಮನೆಯಲ್ಲಿ ಗವಸೂ ಇಲ್ಲ, ಗಂಟೆಯೂ ಇಲ್ಲ. ಎಂಜಲು ಹತ್ತಿಯ ಆ ಜಾಡಿಯನ್ನು ಮಾತ್ರ ಸತ್ತರೂ ಮುಟ್ಟುವುದಿಲ್ಲ ಎಂದು ಮದುವೆಯಾದ ಮೊದಲ ವಾರವೇ ಹೇಳಿಬಿಟ್ಟಿದ್ದಳು. ಅವತ್ತಿನಿಂದ ಶನಿವಾರ ಶನಿವಾರ ಜಾಡಿಯನ್ನು ಹಿತ್ತಲಿಗೆ ಒಯ್ದು ಹತ್ತಿ ಸುಟ್ಟುಬರುವುದು ಗಂಡನ ಪಾಲಿಗೆ ಬಂತು. ಮನೆಗೆಲಸವೆಂದು ಅವನು ಮಾಡುತ್ತಿದ್ದದ್ದು ಅದೊಂದೇ, ಅದನ್ನೂ ಊರಿಗೆಲ್ಲ ಉಪಕಾರ ಮಾಡಿದವನ ಹಾಗೆ ಮಾಡುತ್ತಿದ್ದ.

ಹಡಗುಗಳು ಬಂದದ್ದು ಒಂದು ಶುಕ್ರವಾರ, ಕಂಬಳಿ ಸುತ್ತಿಕೊಂಡು, ಮೂರು. ಗಂಡ ಬೀದಿ ಕಡೆಯ ಕೋಣೆಯಲ್ಲಿ ಚಿತ್ರಗಳಿಗೆ ಚೌಕಟ್ಟು ಕಟ್ಟುವ ಅಂಗಡಿ ಇಟ್ಟಿದ್ದ. ಅರ್ಧ ಸಮುದ್ರವೇ ತಮ್ಮ ಸ್ವತ್ತೆಂಬಂತೆ ವ್ಯಾಪಾರ ಮಾಡಿದ ಮನೆತನವೊಂದರ ಒಡತಿಗೆ ಆರು ತಿಂಗಳು ಬೆಣ್ಣೆ ಹಚ್ಚಿ ಈ ಕೆಲಸ ಹಿಡಿದಿದ್ದ. ನೂರೈವತ್ತು ವರ್ಷ ಆ ಮನೆಯ ಊಟದ ಹಾಲಿನಲ್ಲಿ ತೂಗಿದ್ದ ಚಿತ್ರಗಳು. ಸರಕು ಹೊತ್ತ ಭಾರಿ ಹಾಯಿಹಡಗುಗಳು ಎಂದು ಗಂಡ ಹೇಳಿದ್ದರಿಂದ ನಂಬಬೇಕು, ಅಷ್ಟೆ. ಕಣ್ಣಿಗೆ ಕಾಣುತ್ತಿದ್ದದ್ದು ಬಾಣಲೆಯ ತಳ. ದೀಪದ ಮಸಿ, ಚುಟ್ಟಾದ ಹೊಗೆ, ಹುರಿದ ಮಾಂಸದ ಜಿಡ್ಡು, ಅದರ ಮೇಲೆ ತಲೆಮಾರುಗಟ್ಟಲೆ ನೊಣಗಳು ಇಟ್ಟುಹೋದ ಕರಿ ಚುಕ್ಕೆಗಳು.

"ಇದೇನು ತಾತ, ಹಕ್ಕಿಗಳಾ?" ಎಂದು ಮಗಳು ಬೆರಳು ತೋರಿದಳು. ಅವಳಿಗೆ ಹನ್ನೆರಡು ವರ್ಷ. ಎಲ್ಲದಕ್ಕೂ ಅಡ್ಡಪ್ರಶ್ನೆ ಹಾಕುವ ಚಾಳಿಯಿಂದ ಮನೆಯಲ್ಲಿ ಲಾಯರಮ್ಮ ಎನ್ನಿಸಿಕೊಂಡಿದ್ದಳು.

"ನೊಣದ ಹೇಲು," ಎಂದರು ತಾತ.

"ಅದನ್ನೂ ಬಾಯಿನೀರಲ್ಲೇ ತೆಗೀತೀರಾ?"

"ಮತ್ತೆ? ಅದಕ್ಕಿಂತ ಒಳ್ಳೇ ಮದ್ದೆಲ್ಲಿದೆ?"

ಗಂಡ ಕೈ ಉಜ್ಜಿಕೊಂಡ. "ಎಪ್ಪತ್ತು ದಿನ ಇದೆ. ಅವರ ವ್ಯಾಪಾರಕ್ಕೆ ಇನ್ನೂರು ವರ್ಷ ತುಂಬಿದ್ದಕ್ಕೆ ದೊಡ್ಡ ಔತಣ. ಅಷ್ಟರೊಳಗೆ ಮೂರೂ ಗೋಡೆ ಏರ್ಬೇಕು. ಇದೊಂದು ಸರಿಹೋದ್ರೆ ಅವರ ನೆಂಟರಿಷ್ಟರ ಮನೆ ಚಿತ್ರಗಳೆಲ್ಲ ನಮ್ಮ ಬಾಗಿಲಿಗೇ."

"ಉಗುಳಲ್ಲಿ ತೊಳೀತೀವಿ ಅಂತ ಹೇಳಿದೀರಾ ಅವರಿಗೆ?" ಎಂದಳು ಸೊಸೆ.

"ತಲೆ ಕೆಟ್ಟಿದ್ಯಾ ನಿಂಗೆ? ಮನೆತನದ ದ್ರಾವಣ ಅಂದಿದೀನಿ. ಗುಟ್ಟು, ಯಾರಿಗೂ ಹೇಳಲ್ಲ ಅಂದಿದೀನಿ."

ಮೊದಲ ಹಡಗು ಅರ್ಧವಾಗುವಷ್ಟರಲ್ಲಿ ಮಾವನ ಬಾಯಿ ಒಣಗಿತು. ಬಿ.ಪಿ. ಜಾಸ್ತಿಯಾಗಿದೆ ಎಂದು ಡಾಕ್ಟರು ಹಿಂದಿನ ತಿಂಗಳು ಹೊಸ ಮಾತ್ರೆ ಕೊಟ್ಟಿದ್ದರು, ಗುಲಾಬಿ ಬಣ್ಣದ್ದು. ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಸೊಸೆಯೇ ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗುವವರೆಗೆ ನಿಂತು ನೋಡಿ ಕೆಲಸಕ್ಕೆ ಓಡುತ್ತಿದ್ದಳು. ಆ ಮಾತ್ರೆ ಬಾಯಿ ಒಣಗಿಸುತ್ತದೆ ಎಂದು ಆಸ್ಪತ್ರೆಯ ನರ್ಸಮ್ಮ ಮೊದಲೇ ಹೇಳಿದ್ದಳು. ಮಾವ ಹತ್ತಿಯನ್ನು ಬಾಯಲ್ಲಿ ಎಷ್ಟು ತಿರುಗಿಸಿದರೂ ಅದು ಒಣಗಿಯೇ ಹೊರಬರುತ್ತಿತ್ತು.

ಆಮೇಲೆ ನಡೆದದ್ದು ನಗಬೇಕೋ ಅಳಬೇಕೋ ತಿಳಿಯದ ಪ್ರಹಸನ. ನಿಂಬೆಹಣ್ಣು ತಿಂದರೆ ಅದರ ಹುಳಿ ಬಣ್ಣಕ್ಕೆ ಕೆಡುಕು, ಆದ್ದರಿಂದ ಹೋಳು ಮಾಡಿದ ನಿಂಬೆಯನ್ನು ಮಾವನ ಮುಂದೆ ಸ್ಟೂಲಿನ ಮೇಲಿಟ್ಟು ಬರೀ ನೋಡಿಸಿದರು. ಎರಡು ದಿನ ಅದು ಫಲ ಕೊಟ್ಟಿತು. ಮೂರನೆಯ ದಿನ ಮಾವನಿಗೆ ನಿಂಬೆಯೂ ಅಭ್ಯಾಸವಾಗಿಹೋಯಿತು. ನಾಲ್ಕನೆಯ ದಿನ ಸೊಸೆ ಕೆಲಸ ಮುಗಿಸಿ ಬಂದಾಗ ಗಂಡ ಮಗಳ ಗದ್ದದ ಕೆಳಗೆ ಚಹಾದ ಲೋಟ ಹಿಡಿದು ನಿಂತಿದ್ದ.

"ಏನ್ರೀ ಇದು?"

"ನಾನು ಸಿಗರೇಟು ಸೇದೋನು, ನನ್ನದು ಆಗಲ್ಲ. ಇವಳದ್ದು ಎಳೇ ಬಾಯಿ. ಒಂದೆರಡು ಚಮಚ ಸಾಕು."

"ಅಮ್ಮ, ಒಂದು ಲೋಟಕ್ಕೆ ಒಂದು ಐಸ್‌ಕ್ರೀಮು ಅಂದಿದಾರೆ. ನಾನು ಎರಡು ಕೇಳಿದೀನಿ," ಎಂದಳು ಲಾಯರಮ್ಮ.

ಸೊಸೆ ಲೋಟ ಕಿತ್ತುಕೊಂಡು ಹಿತ್ತಲಿಗೆ ಎಸೆದಳು. ಅದು ಒಡೆಯಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ನಾಚಿಕೆ ಆಗಲ್ವಾ? ಮಗೂನ ಹಸು ಮಾಡ್ಕೊಂಡು ಕರೀತಿದೀರಾ?"

ಮಾವ ಗೋಡೆ ಕಡೆ ಮುಖ ಮಾಡಿ ಕುಳಿತಿದ್ದರು. ಅವರ ಕಿವಿ ಕೆಂಪಾಗಿತ್ತು. "ಬಿಡಮ್ಮ. ನಾನೇ ಏನಾದ್ರೂ ದಾರಿ ನೋಡ್ಕೋತೀನಿ," ಎಂದರು.

ದಾರಿ ನೋಡಿಕೊಂಡರು. ಮುಂದಿನ ವಾರದ ಹೊತ್ತಿಗೆ ಅವರ ಬಾಯಲ್ಲಿ ಮತ್ತೆ ನೀರೂರಿತು. ಮೊದಲ ಹಡಗು ಮುಗಿಯಿತು, ಎರಡನೆಯದೂ ಮುಗಿಯಿತು. ಮಸಿಯ ಕೆಳಗಿನಿಂದ ಹಾಯಿಗಳು ಹೊರಬಂದವು, ಒಂದರ ಮೇಲೊಂದು, ಗಾಳಿ ತುಂಬಿಕೊಂಡು. ಹಗ್ಗ ಹಗ್ಗವೂ ಎಣಿಸುವಂತೆ ಕಂಡಿತು. ಅದನ್ನು ನೋಡುವಾಗ ಸೊಸೆಗೂ ಒಂದು ಗಳಿಗೆ ಕಣ್ಣು ತಂಪಾಗುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಚಪ್ ಎಂದು ಹತ್ತಿ ಬಾಯಿಂದ ಹೊರಬರುವ ಸದ್ದು ಕೇಳಿಸಿ ಎಲ್ಲ ಕೆಟ್ಟುಹೋಗುತ್ತಿತ್ತು.

"ಮಾತ್ರೆ ಮೈಗೆ ಹೊಂದಿಕೊಂಡಿದೆ," ಎಂದ ಗಂಡ, ಅವಳು ಕೇಳದಿದ್ದರೂ.

ಮೂರನೆಯ ಹಡಗು ಎಲ್ಲಕ್ಕಿಂತ ದೊಡ್ಡದು, ಮೂರು ಕಂಬದ್ದು. ಅದನ್ನು ಶುರುಮಾಡಿದ ಮೇಲೆ ಮಾವನ ಮುಖ ಸದಾ ಕೆಂಪೇರಿರುತ್ತಿತ್ತು. ತಲೆನೋವು ಎನ್ನುತ್ತಿದ್ದರು. ಒಂದು ಸಂಜೆ ಮೂಗಿನಿಂದ ರಕ್ತ ಬಂತು. "ಸೆಕೆ," ಎಂದು ಒರೆಸಿಕೊಂಡರು. ಇನ್ನೊಂದು ದಿನ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆಯೇ, ಚಿತ್ರ ಒರೆಸಿದ ಕಂದು ಹತ್ತಿಯನ್ನು ಜಾಡಿಗೆ ಹಾಕುವುದು ಮರೆತು ಹಾಗೇ ಮತ್ತೆ ಬಾಯಿಗೆ ಇಟ್ಟುಕೊಂಡರು. ನೂರೈವತ್ತು ವರ್ಷದ ಜಿಡ್ಡು, ಹೊಗೆ, ನೊಣ. ಚೀಪಿದರು, ತಿರುಗಿಸಿದರು, ಮತ್ತೆ ಉರುಳಿಸಿದರು. ಸೊಸೆ ಬಚ್ಚಲಿಗೆ ಓಡಿ ತಿಂದ ಆಲೂಗಡ್ಡೆಯನ್ನೆಲ್ಲ ಕಕ್ಕಿದಳು. ಐವತ್ತು ವರ್ಷದ ಕಸುಬಿನಲ್ಲಿ ಅವರು ಯಾವತ್ತೂ ಮಾಡದ ತಪ್ಪು ಅದು ಎಂದು ಅವಳಿಗೆ ಹೊಳೆಯಬೇಕಿತ್ತು. ಹೇಸಿಗೆಯಲ್ಲಿ ಹೊಳೆಯಲಿಲ್ಲ.

ಔತಣಕ್ಕೆ ಇನ್ನು ಹದಿನಾಲ್ಕು ದಿನ ಇರುವಾಗ, ಒಂದು ಶುಕ್ರವಾರ ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಮಾವನ ಕೈಯಿಂದ ಚಮಚ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಅದರ ಅಂಚಿನಿಂದ ಸೂಪು ಸೋರುತ್ತಿತ್ತು.

ಅವಳು ಕೆಲಸ ಮಾಡುವ ಆಸ್ಪತ್ರೆಗೇ ಒಯ್ದರು. ಡಾಕ್ಟರು ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ಯಾವಾಗಿಂದ ನಿಲ್ಲಿಸಿದೀರಿ?"

"ನಿಲ್ಲಿಸಿಲ್ಲ ಡಾಕ್ಟ್ರೇ. ದಿನಾ ನನ್ನ ಕೈಯಾರೆ ಕೊಡ್ತೀನಿ."

"ಕೊಟ್ಟಿದ್ರೆ ಇಷ್ಟಿರ್ತಿರ್ಲಿಲ್ಲ ಅಮ್ಮ. ಸುಳ್ಳು ಹೇಳಿದ್ರೆ ನಷ್ಟ ನಿಮ್ಮವರಿಗೇ."

ಪಕ್ಕದಲ್ಲಿ ನರ್ಸಮ್ಮ ನಿಂತಿದ್ದಳು, ದಿನವೂ ಬಟ್ಟೆ ಗಂಟಿನ ಜೊತೆ ನಾಲ್ಕು ಮಾತಾಡುವವಳು. ಅವಳು ಕಣ್ಣು ಬೇರೆ ಕಡೆ ಹೊರಳಿಸಿದಳು. ಸೊಸೆಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ ಮಾವನ ಕೋಣೆ ತಡಕಿದಳು. ದಿಂಬಿನ ಕೆಳಗೆ, ಹೂಕುಂಡದಲ್ಲಿ, ಅಂಗಿ ಜೇಬುಗಳಲ್ಲಿ, ಕಿಟಕಿಯ ಸಂದಿಯಲ್ಲಿ. ಎಲ್ಲೂ ಇಲ್ಲ. ಕೊನೆಗೆ ಉಳಿದದ್ದು ಜಾಡಿ.

ಅವಳು ಅದರ ಎದುರು ಬಹಳ ಹೊತ್ತು ನಿಂತಳು. ಮುಚ್ಚಳ ತೆಗೆದಾಗ ಹುಳಿ ಹುಳಿ ನಾತ ಮುಖಕ್ಕೆ ಬಡಿಯಿತು. ಉಸಿರು ಹಿಡಿದು ಬರಿಗೈ ಹಾಕಿದಳು. ತಣ್ಣಗೆ, ಜಿಗುಟು ಜಿಗುಟಾಗಿ ಬೆರಳಿಗೆ ಅಂಟಿದ ಹತ್ತಿಯ ಉಂಡೆಗಳ ನಡುವೆ ಒಂದು ಗಟ್ಟಿಯಾಗಿ ಸಿಕ್ಕಿತು. ಬಿಡಿಸಿದಳು. ಒಳಗೆ ಅರೆ ಕರಗಿದ ಗುಲಾಬಿ ಮಾತ್ರೆ. ಭಾನುವಾರದಿಂದ ಗುರುವಾರದವರೆಗೆ, ಐದು. ದಿನವೂ ದವಡೆಯಲ್ಲಿ ಒತ್ತಿಟ್ಟುಕೊಂಡು, ಅವಳು ಬೀದಿ ತಿರುಗಿದ ಮೇಲೆ ಇಲ್ಲಿಗೆ ಉಗಿದಿದ್ದರು. ಇಡೀ ಮನೆಯಲ್ಲಿ ಸೊಸೆ ಕೈ ಹಾಕದ ಜಾಗ ಇದೊಂದೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೈ ತೊಳೆಯುವಾಗ ಅವಳಿಗೆ ಇನ್ನೊಂದು ಹೊಳೆಯಿತು. ತೊಳೆಯುವುದನ್ನು ನಿಲ್ಲಿಸಿದಳು.

ಸಂಜೆ ಗಂಡ ಊಟಕ್ಕೆ ಕುಳಿತು ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತಿದ್ದ. ಮಗಳು ಎದುರಿಗಿದ್ದಳು.

"ಶನಿವಾರ ಜಾಡಿ ಖಾಲಿ ಮಾಡೋರು ಯಾರ್ರೀ?"

"ನಾನೇ. ಯಾಕೆ?"

ಅವಳು ಅಂಗೈ ಬಿಚ್ಚಿ ಐದನ್ನೂ ಅವನ ತಟ್ಟೆಯ ಪಕ್ಕ ಸುರಿದಳು. ಅವನು ಅಗಿಯುವುದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

"ಗೊತ್ತಿತ್ತಾ?"

"ಅಪ್ಪಾನೇ ಹೇಳಿದ್ದು, ನಿಂಗೆ ತಿಳಿಸ್ಬೇಡ ಅಂತ. ಮಾತ್ರೆ ಬಿಟ್ರೆ ಬಾಯಿ ಒದ್ದೆಯಾಗುತ್ತೆ ಅಂದ್ರು. ಔತಣ ಆಗೋವರೆಗೆ ತಾನೇ, ಆಮೇಲೆ ನುಂಗಿಸಿದ್ರಾಯ್ತು ಅಂದ್ಕೊಂಡೆ."

"ಐದು ವಾರ. ಐದು ಶನಿವಾರ ನಿಮ್ಮ ಕೈಯಾರೆ ಸುಟ್ಟು ಬಂದಿದೀರಿ."

"ನಾನೇನು ಅವರ ಬಾಯಿಂದ ಕಿತ್ಕೊಂಡೆನಾ? ದೊಡ್ಡವರು, ಅವರ ಇಷ್ಟ. ಕೆಲಸ ನಿಂತಿದ್ರೆ ನೀನೇ ಮೊದಲು ಗೊಣಗ್ತಿದ್ದೆ." ಅವನು ಬ್ರೆಡ್ಡಿನ ಅಂಚಿನಿಂದ ತಟ್ಟೆ ಒರೆಸಿದ. "ಸೂಪು ಇನ್ನೊಂಚೂರು ಇದೆಯಾ?"

ಅವಳು ಆ ಬಾಯಿಯನ್ನೇ ನೋಡಿದಳು. ಮೀಸೆಯ ತುದಿಯಲ್ಲಿ ಸೂಪಿನ ಹನಿ, ತುಟಿ ಮೇಲೆ ಬ್ರೆಡ್ಡಿನ ಪುಡಿ. ಇದೇ ಬಾಯಿ ದಿನವೂ ಅವಳನ್ನು ಹೆಸರು ಹಿಡಿದು ಕರೆದಿತ್ತು, ಮಗಳ ಹಣೆಗೆ ಮುತ್ತಿಟ್ಟಿತ್ತು. ಹದಿನಾಲ್ಕು ವರ್ಷ ತಾನು ಹೇಸಿದ್ದು ತಪ್ಪು ಬಾಯಿಗೆ ಎಂದು ಅವಳಿಗೆ ಆಗ ತಿಳಿಯಿತು.

"ಎದ್ದು ಹೋಗು," ಎಂದಳು.

ಅಮ್ಮ ಅಪ್ಪನಿಗೆ ಏಕವಚನ ಹಾಕಿದ್ದನ್ನು ಲಾಯರಮ್ಮ ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಯಾವ ಅಡ್ಡಪ್ರಶ್ನೆಯೂ ಹಾಕದೆ ತಲೆ ತಗ್ಗಿಸಿ ಆಲೂಗಡ್ಡೆ ತಿಂದಳು. ಗಂಡ ತಟ್ಟೆ ಹಿಡಿದುಕೊಂಡು ಅಂಗಡಿ ಕೋಣೆಗೆ ಹೋದ. ಅಂದಿನಿಂದ ಅವನ ಊಟವೂ ಹಾಸಿಗೆಯೂ ಅಲ್ಲಿಯೇ ಆಯಿತು.

ನಾಲ್ಕು ದಿನದ ಮೇಲೆ ಮಾವ ಮನೆಗೆ ಬಂದರು. ಬಲಗೈ ಸೋತಿತ್ತು, ಮಾತು ದಪ್ಪವಾಗಿತ್ತು, ಹಟ ಮಾತ್ರ ಹಾಗೇ ಇತ್ತು. ಮಾತ್ರೆ ಕೊಟ್ಟರೆ ತುಟಿ ಬಿಗಿದರು.

"ಇನ್ನೂ ನಾಲ್ಕು ತಟ್ಟೆಯಷ್ಟಿದೆ. ಹಡಗಿನ ಮೂತಿ. ಅದು ಮುಗಿದ ಮೇಲೆ ನುಂಗ್ತೀನಿ."

"ಯಾವ ಕೈಯಲ್ಲಿ ಮುಗಿಸ್ತೀರಿ?"

"ಎಡಗೈ ಇದೆ."

"ಮಾವ, ಹಡಗು ಅವರದ್ದು. ನೀವು ನಮ್ಮವರು. ಅಷ್ಟೂ ತಿಳಿಯಲ್ವಾ?"

ಮುದುಕರ ಕಣ್ಣು ತುಂಬಿತು. "ಕೈಯಲ್ಲಿ ಕೆಲಸ ಇರೋವರೆಗೆ ನೀವೆಲ್ಲ ನನಗೋಸ್ಕರ ಸಪ್ಪೆ ತಿಂದ್ರಿ. ಕೆಲಸ ಬಿಟ್ರೆ ನಾನು ಯಾರಮ್ಮ? ಕೂತು ತಿನ್ನೋ ಇನ್ನೊಂದು ಹೊಟ್ಟೆ."

ಸೊಸೆ ಮಾತ್ರೆ ಹಿಡಿದೇ ಅವರ ಪಕ್ಕ ಕುಳಿತಳು. ಆಮೇಲೆ ತಾನು ಏನು ಹೇಳುತ್ತಿದ್ದೇನೆ ಎಂದು ತನಗೇ ನಂಬಿಕೆಯಾಗದೆ ಹೇಳಿದಳು. "ನಾನು ಮುಗಿಸ್ತೀನಿ. ನೀವು ಪಕ್ಕ ಕೂತು ಹೇಳ್ಕೊಡಿ. ಆದ್ರೆ ದಿನಾ ನನ್ನೆದುರು ನುಂಗಿ, ಬಾಯಿ ತೆರೆದು ತೋರಿಸ್ಬೇಕು."

ಮಾವ ಎಡಗೈಯಿಂದ ಕಣ್ಣೊರೆಸಿಕೊಂಡರು. "ನೀನಾ?"

"ನಾನೇ."

ನುಂಗಿದರು. ಅವಳು ಬೆರಳು ಹಾಕಿ ನಾಲಿಗೆಯ ಅಡಿ, ಎರಡೂ ದವಡೆ ತಡವಿ ನೋಡಿದಳು. ಮೈ ಜುಮ್ಮೆಂದಿತು, ಆದರೆ ಬೆರಳು ತೆಗೆಯಲಿಲ್ಲ.

ಎಂಟು ದಿನ ರಜೆ ಹಾಕಿ ಚಿತ್ರದ ಎದುರು ಕುಳಿತಳು. ಮೊದಲ ಬೆಳಿಗ್ಗೆ ಭಯಕ್ಕೆ ಅವಳ ಬಾಯಿಯೇ ಒಣಗಿತ್ತು. ಹತ್ತಿ ನಾಲಿಗೆಗೆ ತಗುಲಿದರೆ ಓಕರಿಕೆ. ಉಗುಳು ಮಾತ್ರ ಬಾರದು. ಮಾವ "ನಿಂಬೆ ತರಿಸ್ಲಾ?" ಎಂದರು. ಅಷ್ಟರಲ್ಲಿ ಗಂಡ ಬಾಗಿಲಲ್ಲಿ ಇಣುಕಿದ. ಮೀಸೆ ತೀಡಿಕೊಂಡಿದ್ದ.

"ನಂಗೊತ್ತಿತ್ತು, ನೀನು ಮನೆ ಮರ್ಯಾದೆ ಕೈಬಿಡಲ್ಲ ಅಂತ," ಎಂದು ಹಲ್ಲು ಕಿರಿದ.

ಅವನ ಮುಖ ಕಂಡದ್ದೇ ತಡ, ಹೊಟ್ಟೆಯ ಆಳದಿಂದ ಒಂದು ತೊಳಸು ಎದ್ದು, ದವಡೆಗಳ ಎರಡೂ ಬದಿಯಿಂದ ನೀರು ನುಗ್ಗಿ ಬಾಯಿ ತುಂಬಿತು. ಕಕ್ಕುವ ಮೊದಲು ಬರುತ್ತದಲ್ಲ, ಆ ನೀರು. ಅವಳು ಕಕ್ಕಲಿಲ್ಲ. ಹತ್ತಿಯನ್ನು ಬಾಯಿಗಿಟ್ಟು ತಿರುಗಿಸಿದಳು, ಮಸಿಯ ಮೇಲೆ ಉರುಳಿಸಿದಳು. ಕಂದು ಎದ್ದು ಬಂತು, ಕೆಳಗೆ ಹಸಿರು ಸಮುದ್ರ ಕಂಡಿತು.

"ಭೇಷ್," ಎಂದರು ಮಾವ. "ಒತ್ತಬೇಡ. ಉರುಳಿಸು, ಸಾಕು."

ಆಮೇಲೆ ಅವನು ಬಾಗಿಲಿಗೆ ಬರಬೇಕಾಗಿಯೂ ಇರಲಿಲ್ಲ. ಬಾಯಿ ಒಣಗಿದಾಗಲೆಲ್ಲ ಹಿತ್ತಲಲ್ಲಿ ಜಾಡಿ ಬೋರಲು ಹಾಕಿ, ಗುಲಾಬಿ ಕಲೆಯ ಹತ್ತಿಗೆ ಬೆಂಕಿಕಡ್ಡಿ ಗೀರುವ ಗಂಡನನ್ನು ನೆನೆಯುತ್ತಿದ್ದಳು. ಒಂದು ಶನಿವಾರ, ಎರಡನೆಯ ಶನಿವಾರ, ಮೂರನೆಯ ಶನಿವಾರ. ನೀರು ತಾನಾಗಿ ಬರುತ್ತಿತ್ತು.

ಏಳನೆಯ ದಿನ ಹಡಗಿನ ಮೂತಿಯ ಕೆಳಗೆ ಒಂದು ಹೆಬ್ಬೆರಳಿನಷ್ಟು ಎತ್ತರದ ಮನುಷ್ಯ ಕಾಣಿಸಿಕೊಂಡ. ಹಗ್ಗ ಹಿಡಿದು, ಚಡ್ಡಿ ಮೊಣಕಾಲಿಗೆ ಇಳಿಸಿ, ಬಿಳಿ ಕುಂಡೆಯನ್ನು ಸಮುದ್ರಕ್ಕೆ ತೋರಿಸಿ ಕುಕ್ಕರಗಾಲಲ್ಲಿ ಕುಳಿತಿದ್ದ. ಲಾಯರಮ್ಮ ಬಿದ್ದು ಬಿದ್ದು ನಕ್ಕಳು. ಮಾವನೂ ವಾರೆ ಬಾಯಲ್ಲೇ ನಕ್ಕರು.

"ಹಡಗಿನವರ ಪಾಯಿಖಾನೆ ಅಲ್ಲೇ ಇರ್ತಿತ್ತು, ಮೂತೀಲಿ. ಬರೆದೋನು ಕಂಡಿದ್ದನ್ನ ಬರೆದಿದಾನೆ. ಊಟದ ಹಾಲಲ್ಲಿ ನೂರೈವತ್ತು ವರ್ಷ ಇವನು ಹೀಗೇ ಕೂತಿದ್ನಾ!"

ಔತಣದ ಹಿಂದಿನ ದಿನ ಒಡತಿ ಬಂದಳು. ಹಾಯಿಗಳನ್ನು ಕಂಡು ಅವಳ ಕಣ್ಣಲ್ಲಿ ನೀರಾಡಿತು. "ನಮ್ಮ ಮುತ್ತಜ್ಜನ ಹಡಗು," ಎಂದು ಹಾಯಿಯ ಮೇಲೆ ಬೆರಳಾಡಿಸಿದಳು. "ಎಷ್ಟು ಶುಭ್ರ! ಯಾವ ದ್ರಾವಣ ಅಂತ ಈಗ್ಲಾದ್ರೂ ಹೇಳಿ."

"ಮನೆತನದ ಗುಟ್ಟು ಅಮ್ಮ," ಎಂದ ಗಂಡ ಕೈಮುಗಿದು.

ಅಷ್ಟರಲ್ಲಿ ಅವಳ ಕಣ್ಣು ಮೂತಿಗೆ ಬಿತ್ತು. "ಥೂ! ಇದೇನಿದು ಅಸಹ್ಯ? ನಾಳೆ ಇಡೀ ಊರಿನ ದೊಡ್ಡವರು ಇದರ ಕೆಳಗೆ ಊಟ ಮಾಡ್ತಾರೆ. ಬಣ್ಣ ಹಾಕಿ ಮುಚ್ಚಿಬಿಡಿ."

"ಆಗ್ಲಿ ಅಮ್ಮ, ಅರ್ಧ ಗಂಟೆ ಕೆಲಸ."

"ಮುಚ್ಚಲ್ಲ," ಎಂದರು ಮಾವ ಕುರ್ಚಿಯಿಂದ. ಮಾತು ತೊದಲಿದರೂ ಎಲ್ಲರಿಗೂ ಕೇಳಿಸಿತು. "ನಾವು ಕೊಳೆ ತೆಗೆಯೋರು. ಬಳಿಯೋರು ಬೇರೆ ಇದಾರೆ."

ಒಡತಿ ಮುಖ ಸಿಂಡರಿಸಿದಳು. ಮೇಲೆ ಎತ್ತರದಲ್ಲಿ ತೂಗುಹಾಕಿದರೆ ಕಾಣುವುದಿಲ್ಲ ಎಂದು ತಾನೇ ಸಮಾಧಾನ ಮಾಡಿಕೊಂಡಳು. ಚೀಲದಿಂದ ಔತಣದ ಕಾರ್ಡುಗಳ ಕಟ್ಟು ತೆಗೆದು, ಹಾಯಿ ಸವರಿದ ಅದೇ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಒಂದನ್ನು ಬಿಡಿಸಿ ಗಂಡನಿಗೆ ಕೊಟ್ಟಳು. ಲಾಯರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಸೊಸೆಗೆ ನಗು ಬರಲಿಲ್ಲ. ಆ ಬೆರಳು ಕಂಡು ಹೇಸಿಗೆಯೂ ಆಗಲಿಲ್ಲ. ಅದಕ್ಕೆಲ್ಲ ಅವಳಲ್ಲಿ ಜಾಗ ಉಳಿದಿರಲಿಲ್ಲ.

ಔತಣ ಮುಗಿದ ಮೂರನೆಯ ದಿನ ಅಡುಗೆಮನೆಯಲ್ಲಿ ಈರುಳ್ಳಿ ಹುರಿಯುವ ಘಮ. ಸೊಸೆ ಸೂಪಿಗೆ ಮೆಣಸಿನ ಪುಡಿಯನ್ನೂ ಸುರಿದಿದ್ದಳು. ಮಾವ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಿ, ಐವತ್ತು ವರ್ಷದ ಮೇಲೆ ಮೊದಲ ಬಾರಿಗೆ ಮೂಗು ಸುರಿಸಿಕೊಂಡು ಊಟ ಮಾಡುತ್ತಿದ್ದರು. ಗಂಡ ಅಂಗಡಿ ಕೋಣೆಯಿಂದ ಓಡಿಬಂದ. ಹಿಂದೆ ಇಬ್ಬರು ಆಳುಗಳು ಕಂಬಳಿ ಸುತ್ತಿದ ಚಿತ್ರಗಳನ್ನು ಒಳಗೆ ತರುತ್ತಿದ್ದರು.

"ನಾನು ಹೇಳಿರ್ಲಿಲ್ವಾ? ಒಡತಿಯ ತಮ್ಮನ ಮನೇದು. ಇನ್ನೂ ನಾಲ್ಕು ಹಡಗು! ಅಪ್ಪನಿಗೆ ಇನ್ನು ಆಗಲ್ಲ, ನಿನ್ನ ಕೈ ಅವರಿಗಿಂತ ಹಗುರ. ಆಸ್ಪತ್ರೆ ಕೆಲಸ ಬಿಟ್ಟುಬಿಡು. ಆಗಿದ್ದು ಆಗೋಯ್ತು, ಮರೆತುಬಿಡೋಣ. ಏನಂತೀಯ?"

ಮಾವ ಚಮಚ ಕೆಳಗಿಟ್ಟು ಸೊಸೆಯ ಮುಖ ನೋಡಿದರು. ಸೊಸೆ ಒಲೆ ಆರಿಸಿದಳು.

"ಆಸ್ಪತ್ರೆ ಬಿಡಲ್ಲ. ಭಾನುವಾರ ಭಾನುವಾರ ಮಾಡ್ತೀನಿ," ಎಂದಳು. "ಒಂದು ಮಾತು ಮಾತ್ರ. ನಾನು ಕೆಲಸ ಮಾಡುವಷ್ಟು ಹೊತ್ತೂ ನೀನು ನನ್ನೆದುರು ಸ್ಟೂಲ್ ಮೇಲೆ ಕೂತಿರ್ಬೇಕು."

ಅವನ ಮುಖ ಅರಳಿತು. ಮುನಿಸು ಕರಗಿತು ಎಂದುಕೊಂಡ. "ಅದಕ್ಕೇನಂತೆ! ಆದ್ರೆ ಯಾಕೆ? ನಾನಿದ್ದು ಏನ್ಮಾಡ್ಲಿ?"

"ಏನೂ ಮಾಡ್ಬೇಡ. ಅಲ್ಲಿ ಮೊದಲು ನಿಂಬೆಹಣ್ಣು ಇಡ್ತಿದ್ವಿ."